ಕರೆ ಬಂದವರೂ ಲೆಕ್ಕ ಒಪ್ಪಿಸಿದ್ದರು

ಹೊಯ್ಸಳರ ಓಲಗದಲ್ಲಿ ಕರಣಿಕ ಹರಿಹರ ಲೆಕ್ಕ ಓದುತ್ತಿದ್ದ. ಓದುತ್ತ ಓದುತ್ತ ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಕಡತವನ್ನು ಉಜ್ಜಿಬಿಟ್ಟ. ಇದೇನೆಂದು ಅರಸ ನರಸಿಂಹಬಲ್ಲಾಳ ಕೇಳಿದಾಗ, ಹಂಪೆಯ ವಿರೂಪಾಕ್ಷನ ಗುಡಿಯಲ್ಲಿ ತೆರೆಗೆ ಬೆಂಕಿ ತಗುಲಿತ್ತು, ಆರಿಸಿದೆ ಎಂದ. ಅರಮನೆಯ ಊಳಿಗ ತೊರೆದು ಹಂಪೆ ಸೇರಿದ ಆ ಕರಣಿಕನೇ ಮುಂದೆ ರಗಳೆಗಳ ಕವಿಯಾದ ಎಂದು ಐತಿಹ್ಯ ಹೇಳುತ್ತದೆ. ಹಳೇಬೀಡಿಗೆ ಬಂದವರು ಗೋಡೆಯ ಆನೆಸಾಲನ್ನು ಎಣಿಸಿ ಹೋಗುತ್ತಾರೆ. ಈ ಕರಣಿಕನನ್ನು ನೆನೆಯುವವರು ಕಡಿಮೆ. ನನಗೆ ಈ ಕಥೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕೆನಿಸುತ್ತದೆ. ಗಲಿಲಾಯದ ಸರೋವರದ ದಡದ ಕಪೆರ್ನೌಮ್ ಎಂಬ ಊರಿನಲ್ಲಿ ಸುಂಕದ ಕಟ್ಟೆಯ ಮೇಲೆ ಕೂತಿದ್ದ ಮತ್ತಾಯನನ್ನು ಯೇಸು ನನ್ನ ಹಿಂದೆ ಬಾ ಎಂದು ಕರೆದ. ಅವನು ಎದ್ದು ಹೊರಟ. ಮಾರ್ಕ ಮತ್ತು ಲೂಕ ಬರೆದ ಸುವಾರ್ತೆಗಳಲ್ಲಿ ಇದೇ ಪ್ರಸಂಗದ ಸುಂಕದವನ ಹೆಸರು ಲೇವಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುವ ನಾಡಿಗೆ ಆ ಕಟ್ಟೆಯ ಮೇಲೆ ಕೂತಿದ್ದವನ ಬಗ್ಗೆ ಊರವರಿಗಿದ್ದ ಭಾವನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಕಥೆಗಳನ್ನೂ ನಾವು ಸಾಮಾನ್ಯವಾಗಿ ಒಂದೇ ರೀತಿ ಓದುತ್ತೇವೆ: ದೇವರು ಕರೆದ, ಮನುಷ್ಯ ಲೆಕ್ಕದ ಪುಸ್ತಕ ಮುಚ್ಚಿ ನಡೆದುಬಿಟ್ಟ, ಅಂದಿನಿಂದ ಅವನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಈ ಓದು ಇಂದು ಬಹಳ ಜನಕ್ಕೆ ಅನುಕೂಲವಾಗಿದೆ. ನನಗೆ ದೈವಪ್ರೇರಣೆಯಾಗಿದೆ ಎಂದು ವೇದಿಕೆ ಏರುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಅವರ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳಿದವರನ್ನು ನಂಬಿಕೆಯಿಲ್ಲದವರು ಎಂದು ಸುತ್ತಲಿನವರೇ ಬಾಯಿ ಮುಚ್ಚಿಸುತ್ತಾರೆ. ಆದರೆ ಕ್ರೈಸ್ತ ಧರ್ಮದ ಮೊದಲ ದಿನಗಳ ದಾಖಲೆಗಳನ್ನು ಕೂತು ಓದಿದರೆ ಕಾಣುವುದು ಬೇರೆ. ಕರೆ ಬಂದವನು ಅರಸನ ಲೆಕ್ಕದಿಂದ ಬಿಡುಗಡೆಯಾದ, ನಿಜ. ಲೆಕ್ಕ ಒಪ್ಪಿಸುವುದರಿಂದ ಬಿಡುಗಡೆಯಾಗಲಿಲ್ಲ. ಮೊದಲಿಗಿಂತ ಹೆಚ್ಚು ಜನಕ್ಕೆ, ಹೆಚ್ಚು ಕಟ್ಟುನಿಟ್ಟಾಗಿ ಒಪ್ಪಿಸಬೇಕಾಯಿತು. ಕನ್ನಡದ ಕಥೋಲಿಕರು ಅಂಥವನನ್ನು ಪ್ರೇಷಿತ ಎನ್ನುತ್ತಾರೆ, ಪ್ರೊಟೆಸ್ಟೆಂಟರು ಗ್ರೀಕ್ ಪದವನ್ನೇ ಉಳಿಸಿಕೊಂಡು ಅಪೊಸ್ತಲ ಎನ್ನುತ್ತಾರೆ. ಅರ್ಥ ಒಂದೇ, ಕಳುಹಿಸಲ್ಪಟ್ಟವನು. ಕಳುಹಿಸಲ್ಪಟ್ಟವನು ಹೋದ ಕೆಲಸ ಏನಾಯಿತೆಂದು ಮರಳಿ ಬಂದು ಹೇಳಬೇಕು. ಮಾರ್ಕನ ಸುವಾರ್ತೆಯಲ್ಲಿ ಯೇಸುವಿನ ಹನ್ನೆರಡು ಮಂದಿ ಶಿಷ್ಯರು ಊರೂರು ತಿರುಗಿ ಬಂದು, ಏನು ಮಾಡಿದೆವು, ಏನು ಬೋಧಿಸಿದೆವು ಎಂಬುದನ್ನೆಲ್ಲ ಒಪ್ಪಿಸುವ ಜಾಗದಲ್ಲೇ ಅವರಿಗೆ ಪ್ರೇಷಿತರು ಎಂಬ ಹೆಸರು ಬರುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ, ಮೊದಲು ಕ್ರೈಸ್ತರನ್ನು ಹಿಂಸಿಸಿ ಆಮೇಲೆ ಪ್ರೇಷಿತನಾದ ಪೌಲ. ಅವನ ಕರೆಯಷ್ಟು ನಾಟಕೀಯವಾದುದು ಇನ್ನೊಂದಿಲ್ಲ: ದಮಸ್ಕದ ದಾರಿಯ ಬೆಳಕು, ನೆಲಕ್ಕೆ ಬಿದ್ದದ್ದು, ಮೂರು ದಿನ ಕಣ್ಣು ಕಾಣದೆ ಇದ್ದದ್ದು. ಇಷ್ಟಾದರೂ ಯಾರೂ ತಕ್ಷಣ ನಂಬಲಿಲ್ಲ. ದಮಸ್ಕದ ಅನನೀಯನಿಗೆ ಅವನನ್ನು ಭೇಟಿಯಾಗಲು ದರ್ಶನದಲ್ಲಿ ಅಪ್ಪಣೆಯಾದಾಗಲೂ, ಈ ಮನುಷ್ಯ ನಮ್ಮವರಿಗೆ ಎಷ್ಟು ಕೇಡು ಮಾಡಿದ್ದಾನೆಂದು ಕೇಳಿದ್ದೇನೆ ಎಂದು ಅವನು ಹಿಂಜರಿದ. ಯೆರೂಸಲೇಮಿನ ಶಿಷ್ಯರು ಹೆದರಿ ದೂರ ಉಳಿದರು; ಕೊನೆಗೆ ಬಾರ್ನಬ ಎಂಬುವನು ಜಾಮೀನು ನಿಂತಂತೆ ನಿಂತು ಒಳಗೆ ಕರೆತರಬೇಕಾಯಿತು. ಪೌಲನಿಗೆ ಇನ್ನೊಂದು ಕೊರತೆಯೂ ಇತ್ತು. ಹನ್ನೆರಡು ಮಂದಿಯಲ್ಲಿ ಯೇಸುವಿಗೆ ದ್ರೋಹ ಬಗೆದ ಯೂದನ ಜಾಗಕ್ಕೆ ಮತ್ತೀಯನನ್ನು ಚೀಟಿ ಹಾಕಿ ಆರಿಸುವಾಗ, ಸ್ನಾನಿಕ ಯೋಹಾನನ ದೀಕ್ಷಾಸ್ನಾನದ ದಿನಗಳಿಂದ ಯೇಸುವಿನ ಜೊತೆಯಲ್ಲೇ ಇದ್ದವನಾಗಿರಬೇಕು ಎಂಬುದು ಅರ್ಹತೆಯಾಗಿತ್ತು. ಆ ಅಳತೆಯಲ್ಲಿ ಪೌಲ ನಿಲ್ಲುವುದಿಲ್ಲ. ಹಾಗಾಗಿಯೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ತನ್ನ ಕರೆ ಮನುಷ್ಯರಿಂದ ಬಂದದ್ದಲ್ಲ ಎಂದು ಅಷ್ಟು ಬಿರುಸಾಗಿ ವಾದಿಸುತ್ತಾನೆ. ಆ ವಾದವನ್ನಷ್ಟೇ ಎತ್ತಿಕೊಳ್ಳುವವರು ಮುಂದಿನ ಸಾಲುಗಳನ್ನೂ ಓದಬೇಕು. ಮೂರು ವರ್ಷದ ನಂತರ ಯೆರೂಸಲೇಮಿಗೆ ಹೋಗಿ ಪೇತ್ರನ ಜೊತೆ 15 ದಿನ ಇದ್ದೆ, 14 ವರ್ಷದ ಮೇಲೆ ಮತ್ತೆ ಹೋಗಿ ನಾನು ಸಾರುತ್ತಿದ್ದುದನ್ನು ಅಲ್ಲಿನ ಹಿರಿಯರ ಮುಂದಿಟ್ಟೆ, ಇಲ್ಲವಾದರೆ ನನ್ನ ಓಟವೆಲ್ಲ ವ್ಯರ್ಥವಾದೀತು ಎಂದು ಅವನೇ ಹೇಳಿಕೊಂಡಿದ್ದಾನೆ. ದೇವರೇ ಕರೆದ ಎಂಬ ಖಚಿತ ನಂಬಿಕೆಯೂ, ಮನುಷ್ಯರ ಮುಂದೆ ಒಪ್ಪಿಸಬೇಕೆಂಬ ಅಳುಕೂ ಒಬ್ಬನೇ ಮನುಷ್ಯನಲ್ಲಿ ಒಟ್ಟಿಗೆ ಇದ್ದವು.

ಹಿರಿಯರು ಅವನ ಕೈ ಹಿಡಿದು ಒಪ್ಪಿಕೊಂಡರು. ಬಡವರನ್ನು ನೆನೆಯಬೇಕು ಎಂಬುದೊಂದೇ ಅವರ ಷರತ್ತು. ಅಲ್ಲಿಂದ ಮುಂದೆ ಪೌಲ ಮಕೆದೋನ್ಯ, ಅಖಾಯ, ಗಲಾತ್ಯಗಳ ಸಭೆಗಳಿಂದ ಯೆರೂಸಲೇಮಿನ ಬಡವರಿಗಾಗಿ ವಂತಿಗೆ ಎತ್ತಿದ. ಆ ಹಣವನ್ನು ಅವನು ಹೇಗೆ ಸಾಗಿಸಿದ ಎಂಬುದನ್ನು ಇಂದಿನ ಪ್ರತಿಯೊಂದು ಧರ್ಮಸಂಸ್ಥೆಯೂ ಓದಬೇಕು. ನೀವು ಒಪ್ಪಿ ಗೊತ್ತುಮಾಡಿದವರ ಕೈಯಲ್ಲೇ ಕಳುಹಿಸುತ್ತೇನೆ ಎಂದು ಕೊರಿಂಥದವರಿಗೆ ಬರೆದ. ಎರಡನೆಯ ಪತ್ರದಲ್ಲಿ, ಸಭೆಗಳೇ ಆರಿಸಿದ ಒಬ್ಬ ಸಹೋದರ ನಮ್ಮ ಜೊತೆ ಪ್ರಯಾಣ ಮಾಡುತ್ತಾನೆ, ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ನಮ್ಮ ಮೇಲೆ ಯಾರೂ ತಪ್ಪು ಹೊರಿಸಬಾರದು, ದೇವರ ಕಣ್ಣಿಗೆ ಮಾತ್ರವಲ್ಲದೆ ಮನುಷ್ಯರ ಕಣ್ಣಿಗೂ ಇದು ನೆಟ್ಟಗಿರಬೇಕು ಎಂಬ ಅರ್ಥದ ಮಾತು ಬರುತ್ತದೆ. ಕೊರಿಂಥದಲ್ಲಿ ಅವನ ಮೇಲೆ ಹಣದ ಗುಮಾನಿ ಎದ್ದಿತ್ತು. ಅವನು ಗುಮಾನಿಪಟ್ಟವರನ್ನು ಶಪಿಸಲಿಲ್ಲ. ನಾನು ಕಳುಹಿಸಿದವರಲ್ಲಿ ಯಾರಾದರೂ ನಿಮ್ಮಿಂದ ಲಾಭ ಹೊಡೆದರೇ, ತೀತ ಹೊಡೆದನೇ ಎಂದು ಹೆಸರು ಹಿಡಿದು ಕೇಳಿದ. ತನ್ನ ಹೊಟ್ಟೆಪಾಡಿಗೆ ಗುಡಾರ ಹೊಲಿಯುವ ಕಸುಬು ಮಾಡಿದ. ಫಿಲಿಪ್ಪಿಯವರಿಂದ ಮಾತ್ರ ನೆರವು ಪಡೆದ, ಪಡೆದದ್ದನ್ನು ಮುಚ್ಚಿಡಲಿಲ್ಲ. ಅವರಿಗೆ ಬರೆದ ಪತ್ರದಲ್ಲಿ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಎಂಬ ವ್ಯಾಪಾರದ ಮಾತನ್ನೇ ಬಳಸಿದ್ದಾನೆ. ಎಲ್ಲವೂ ಸಂದಿದೆ ಎನ್ನಲು ಅವನು ಬರೆದ ಗ್ರೀಕ್ ಕ್ರಿಯಾಪದ ಆ ಕಾಲದ ರಸೀದಿಗಳಲ್ಲಿ ಬರೆಯುತ್ತಿದ್ದಂಥದ್ದು. ಸೆರೆಯಲ್ಲಿದ್ದು ಬರೆದ ಭಕ್ತಿಯ ಪತ್ರದ ಕೊನೆಯಲ್ಲಿ ಒಂದು ರಸೀದಿ! ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತದೆ. ಹನ್ನೆರಡು ಮಂದಿಯಲ್ಲಿ ಲೆಕ್ಕ ಬಲ್ಲ ಸುಂಕದವನಿದ್ದ. ಆದರೆ ಹಣದ ಚೀಲ ಇದ್ದದ್ದು ಯೂದನ ಕೈಯಲ್ಲಿ, ಅವನು ಅದರಿಂದ ಕದಿಯುತ್ತಿದ್ದ ಎಂದು ಯೋಹಾನನ ಸುವಾರ್ತೆ ಯಾವ ಮುಲಾಜೂ ಇಲ್ಲದೆ ಬರೆದಿಟ್ಟಿದೆ. ತಮ್ಮೊಳಗಿನ ಕಳ್ಳತನವನ್ನು ತಮ್ಮ ಪವಿತ್ರ ಗ್ರಂಥದಲ್ಲೇ ದಾಖಲಿಸಿದ ಸಮುದಾಯಕ್ಕೆ, ಕರೆ ಬಂದವನೂ ಕೆಡಬಹುದು ಎಂಬ ಅರಿವು ಮೊದಲಿನಿಂದಲೇ ಇತ್ತು.

ಪೌಲನ ನಂತರದ ತಲೆಮಾರುಗಳು ಈ ಅರಿವನ್ನು ನಿಯಮವಾಗಿಯೇ ಮಾಡಿದವು. ಡಿಡಾಖೆ ಎಂಬ ಪುಟ್ಟ ಕೈಪಿಡಿ ಮೊದಲ ಶತಮಾನದ ಕೊನೆಯಲ್ಲೋ ಎರಡನೆಯದರ ಆರಂಭದಲ್ಲೋ ರೂಪುಗೊಂಡದ್ದು. 1056ರಲ್ಲಿ ಪ್ರತಿಮಾಡಿದ ಅದರ ಹಸ್ತಪ್ರತಿ ಕಾನ್‌ಸ್ಟಾಂಟಿನೋಪಲ್‌ನ ಗ್ರಂಥಭಂಡಾರವೊಂದರಲ್ಲಿ ಸಿಕ್ಕಿ, 1883ರಲ್ಲಿ ಅಚ್ಚಾಯಿತು. ಊರಿಗೆ ಬರುವ ಪ್ರೇಷಿತನನ್ನು ಒಡೆಯನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಿ ಎಂದು ಅದು ಮೊದಲು ಹೇಳುತ್ತದೆ. ಅದರ ಬೆನ್ನಿಗೇ ನಿಬಂಧನೆಗಳು: ಒಂದು ದಿನ ಇರಲಿ, ಬೇಕಾದರೆ ಎರಡನೆಯ ದಿನವೂ ಇರಲಿ, ಮೂರನೆಯ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗಿನ ರೊಟ್ಟಿ ಮಾತ್ರ ಒಯ್ಯಬೇಕು. ಹಣ ಕೇಳಿದರೆ ಅವನು ಸುಳ್ಳು ಪ್ರವಾದಿ. ಇಲ್ಲಿ ಯಾವ ಪಂಡಿತಸಭೆಯೂ ಇಲ್ಲ. ಊರಿನ ಸಾಮಾನ್ಯ ಮನೆಯೊಡತಿಯೂ ಬೆರಳು ಮಡಿಚಿ ಎಣಿಸಬಹುದಾದ ಪರೀಕ್ಷೆ ಇದು, ದಿನಗಳ ಎಣಿಕೆ, ರೊಟ್ಟಿಯ ಎಣಿಕೆ. ಒಳಗಿನ ಕರೆಯನ್ನು ಹೊರಗಿನವರು ಅಳೆಯಲಾಗದು, ನಡತೆಯನ್ನು ಅಳೆಯಬಹುದು ಎಂಬುದನ್ನು ಆ ಮೊದಲ ಸಭೆಗಳು ಎಷ್ಟು ಸರಳವಾಗಿ ಕಂಡುಕೊಂಡಿದ್ದವು!

ಈ ಅರಿವು ನಮ್ಮ ನೆಲಕ್ಕೆ ಹೊರಗಿನದೇ? ಬೇಲೂರು, ಹಳೇಬೀಡು, ಅರಸೀಕೆರೆಗಳ ಕಲ್ಲುಗಳನ್ನು ಓದಿದರೆ ಹಾಗನ್ನಿಸುವುದಿಲ್ಲ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ. ಅದೇ ಆವರಣದಲ್ಲಿ ಜೈನ ಶ್ರಾವಕಿಯಾದ ಶಾಂತಲದೇವಿ ಚೆನ್ನಿಗರಾಯನ ಗುಡಿ ಕಟ್ಟಿಸಿದಳು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಮಗ ಬೊಪ್ಪ 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿ ಎತ್ತಿಸಿದ. 1220ರಲ್ಲಿ ರೇಚರಸ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯ ಕಟ್ಟಿಸಿದ. ಆ ಕಾಲದ ದತ್ತಿಶಾಸನಗಳು ದೇವರ ಸ್ತುತಿಯಿಂದ ಶುರುವಾಗಿ ಗದ್ದೆ ಬೆದ್ದಲಿನ ಎಲ್ಲೆ, ನಂದಾದೀವಿಗೆಯ ಎಣ್ಣೆ, ಗದ್ಯಾಣ, ಸುಂಕದ ಪಾಲುಗಳಿಗೆ ಇಳಿಯುತ್ತವೆ. ಅಳಿದವನಿಗೆ ಶಾಪ ಹೇಳಿ ಮುಗಿಯುತ್ತವೆ. ಇವನ್ನು ಕೆತ್ತಿದ್ದು ಕತ್ತಲೆಯ ಪೆಟ್ಟಿಗೆಯಲ್ಲಿಡುವ ಓಲೆಯ ಮೇಲಲ್ಲ, ಹೋಗಿಬರುವವರೆಲ್ಲ ನೋಡುವ ಕಲ್ಲಿನ ಮೇಲೆ. ಭಕ್ತಿ ಎಷ್ಟೇ ದೊಡ್ಡದಾಗಿರಲಿ, ಎಣ್ಣೆಯ ಅಳತೆಯನ್ನು ನಾಲ್ಕು ಜನ ಓದುವಂತೆ ಬರೆದಿಡುವುದು ದೇವರಿಗೆ ಅವಮಾನ ಎಂದು ಯಾರಿಗೂ ಅನ್ನಿಸಿರಲಿಲ್ಲ. ಹರಿಹರನ ಹಾಗೆಯೇ ಹೊಯ್ಸಳ ನರಸಿಂಹನ ಊಳಿಗದಲ್ಲಿದ್ದ ಮಂತ್ರಿ ಪದ್ಮರಸನೂ ಶಿವಭಕ್ತ, ದೀಕ್ಷಾಬೋಧೆಯ ಕರ್ತೃ. ಆದರೆ ಜನ ಅವನಿಗಿಟ್ಟ ಹೆಸರು ಕೆರೆಯ ಪದ್ಮರಸ, ಬೇಲೂರಿನಲ್ಲಿ ಕೆರೆ ಕಟ್ಟಿಸಿದ್ದಕ್ಕೆ. ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ ಬಸವಪುರಾಣದಲ್ಲಿ, ಭಂಡಾರದ ಹಣವನ್ನು ಜಂಗಮರಿಗೆ ಸುರಿದನೆಂಬ ದೂರು ಬಂದಾಗ ಬಸವಣ್ಣ ಬಿಜ್ಜಳನ ಮುಂದೆ ಭಂಡಾರ ತೆರೆದು ಎಣಿಸಲು ಹೇಳುತ್ತಾನೆ, ಹಣ ಸರಿಯಾಗಿರುತ್ತದೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಾನು ಶಿವನ ಭಕ್ತ, ನನ್ನನ್ನು ಕೇಳಬೇಡ ಎಂದು ಆ ಕಥೆಯ ಬಸವಣ್ಣ ಹೇಳುವುದಿಲ್ಲ ಎಂಬುದು ನನಗೆ ಮುಖ್ಯ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಹರಿಹರನ ಕಡತದ ಕಥೆ ಶತಮಾನಗಳ ನಂತರದ ವೀರಶೈವ ಕವಿಗಳ ಚರಿತೆಗಳಿಂದ ಬಂದದ್ದು. ಅವನ ಅರಸ ಯಾವ ನರಸಿಂಹ ಎಂಬುದರ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ಅವನನ್ನು ಹನ್ನೆರಡನೆಯ ಶತಮಾನಕ್ಕೂ ಕೆಲವರು ಹದಿಮೂರಕ್ಕೂ ಹಾಕುತ್ತಾರೆ. ಸುವಾರ್ತೆಗಳೂ ನಡೆದ ಸಂಗತಿಗಳಿಂದ ದಶಕಗಳಷ್ಟು ದೂರದಲ್ಲಿ ಬರೆದವು. ಇಂಥ ಕಥೆಗಳಿಂದ ವಾದ ಕಟ್ಟಬಹುದೇ? ಕರೆ ಬಂದಿತ್ತೇ ಎಂದು ಸಾಬೀತುಮಾಡಲು ಖಂಡಿತ ಆಗದು. ಆದರೆ ನನ್ನ ಪ್ರಶ್ನೆ ಅದಲ್ಲ. ಕರೆ ಬಂದವನಿಂದ ಒಂದು ಸಮುದಾಯ ಏನನ್ನು ನಿರೀಕ್ಷಿಸುತ್ತಿತ್ತು ಎಂಬುದಕ್ಕೆ ಆ ಸಮುದಾಯ ಕಟ್ಟಿಕೊಂಡ ಕಥೆಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಐತಿಹ್ಯ ಕಟ್ಟಿದವರು ಹರಿಹರನನ್ನು ಗುಹೆಯಲ್ಲಿ ಕೂರಿಸಲಿಲ್ಲ, ಓಲಗದ ನಡುವೆ, ಲೆಕ್ಕ ಒಪ್ಪಿಸುವ ಹೊತ್ತಿನಲ್ಲಿ ನಿಲ್ಲಿಸಿದರು. ಅರಸ ಕೇಳಿದ, ಕರಣಿಕ ಕಾರಣ ಹೇಳಿದ. ಪೌಲನ ವಿಷಯದಲ್ಲಂತೂ ನಮಗೆ ಅವನದೇ ಪತ್ರಗಳಿವೆ. ಕ್ರಿ.ಶ. 50ರ ದಶಕದಲ್ಲಿ ಬರೆದ ಅವು ಕ್ರೈಸ್ತರ ಅತ್ಯಂತ ಹಳೆಯ ಬರಹಗಳ ಸಾಲಿನವು. ಶೈವ ಭಕ್ತನನ್ನೂ ಕ್ರೈಸ್ತ ಪ್ರೇಷಿತನನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂಬ ಮಾತನ್ನೂ ಒಪ್ಪುತ್ತೇನೆ. ಹರಿಹರ ತನ್ನ ದೈವವಿದ್ದಲ್ಲಿಗೆ ಹೋಗಿ ನೆಲೆನಿಂತ. ಪೌಲನನ್ನು ಕರೆ ಒಂದು ಊರಿನಲ್ಲಿ ನಿಲ್ಲಗೊಡಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಹೀಗೆ ಬೇರೆ ಬೇರೆ ದಿಕ್ಕಿಗೆ ಹೊರಟ ಎರಡು ಪರಂಪರೆಗಳೂ ಲೆಕ್ಕದ ಪುಸ್ತಕದ ಮುಂದೆ ಕೂತವನಿಗೆ ಕರೆ ಬಂದ ಕಥೆಯೊಂದನ್ನು ಉಳಿಸಿಕೊಂಡಿವೆ.

ಹಾಸನ ಸೀಮೆಯಲ್ಲಿಯೇ ಈ ವಾದವನ್ನು ಪರೀಕ್ಷಿಸಲು ಇನ್ನೊಬ್ಬ ಮನುಷ್ಯ ಸಿಗುತ್ತಾನೆ. ಆಬೆ ದ್ಯುಬುವಾ ಫ್ರಾನ್ಸಿನ ಪಾದ್ರಿ; 1792ರಲ್ಲಿ ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಕಡೆಯಿಂದ ಭಾರತಕ್ಕೆ ಬಂದ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು ನೆಲೆಸಿದ. ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡ. ಜನ ಅವನನ್ನು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ಕ್ರೈಸ್ತ ಒಕ್ಕಲು ಮಕ್ಕಳ ಊರು ಕಟ್ಟಿದ. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸಕ್ಕೆ ಇಳಿದಾಗ 1803–04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಲಸಿಕೆ ದಾಖಲಾಯಿತು. ಮೂವತ್ತು ವರ್ಷ ಭಾರತದಲ್ಲಿ ಕಳೆದು 1823ರಲ್ಲಿ ಹೊರಟಾಗ ಅವನು ಪ್ರಕಟಿಸಿದ ಪತ್ರಗಳಲ್ಲಿ ಒಂದು ಅಪರೂಪದ ಲೆಕ್ಕವಿದೆ: 25 ವರ್ಷದ ದುಡಿಮೆಯಲ್ಲಿ ತಾನು ಕ್ರೈಸ್ತ ಮತಕ್ಕೆ ತಂದದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರ, ಅವರಲ್ಲೂ ಬಹಳ ಮಂದಿ ಬೇರೆ ಆಸೆಗಳಿಂದ ಬಂದವರು, ಈ ನಾಡಿನಲ್ಲಿ ಮತಾಂತರದ ಕೆಲಸ ಫಲಿಸುವುದಿಲ್ಲ. ತನ್ನನ್ನು ಕಳುಹಿಸಿದವರಿಗೆ, ದುಡ್ಡು ಕೊಟ್ಟು ನೆರವಾಗುತ್ತಿದ್ದವರಿಗೆ ಇಂಥ ವರದಿ ಒಪ್ಪಿಸುವುದು ಸುಲಭದ ಮಾತಲ್ಲ. ಇತರ ಮಿಷನರಿಗಳು ಅವನ ಮೇಲೆ ಹರಿಹಾಯ್ದರು. ಅವನ ತೀರ್ಮಾನವನ್ನು ಒಪ್ಪಬೇಕಾಗಿಲ್ಲ, ಆ ಪತ್ರಗಳಲ್ಲಿ ಅವನು ನಮ್ಮ ಜನರ ಬಗ್ಗೆ ಆಡಿದ ಎಷ್ಟೋ ಮಾತುಗಳು ಕಹಿಯಾಗಿವೆ. ಆದರೂ ಸೋಲನ್ನು ಅಂಕಿಯಲ್ಲಿ ಬರೆದುಕೊಟ್ಟ ಧರ್ಮಪ್ರಚಾರಕ ಎಂಬ ಕಾರಣಕ್ಕೆ ಅವನು ಪೌಲನ ಪತ್ರಗಳನ್ನು ಸರಿಯಾಗಿ ಓದಿಕೊಂಡವನು ಎಂದೇ ನನ್ನ ಅಭಿಪ್ರಾಯ.

ಇದೇ ದ್ಯುಬುವಾ ಇನ್ನೊಂದು ಲೆಕ್ಕವನ್ನು ಒಪ್ಪಿಸಲಿಲ್ಲ ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನು ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2000 ವರಹ ತೆತ್ತು ಕೊಂಡಿತು, ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಪ್ರಕಟವಾಯಿತು, ಕಂಪನಿಯಿಂದ ಅವನಿಗೆ ಪಿಂಚಣಿಯೂ ಸಿಕ್ಕಿತು. ಒಂದೂಮುಕ್ಕಾಲು ಶತಮಾನ ಲೋಕ ಅದನ್ನು ಅವನದೇ ಎಂದು ಓದಿತು. 1987ರಲ್ಲಿ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ, ಅದರ ಬಹುಭಾಗ ಅವನಿಗಿಂತ ಹಿಂದೆ ದಕ್ಷಿಣ ಭಾರತದಲ್ಲಿದ್ದ ಜೆಸ್ಯುಯಿಟ್ ಪಾದ್ರಿ ಕೇರ್ದೂ ಬರೆದದ್ದರಿಂದ ಬಂದದ್ದು ಎಂದು ತೋರಿಸಿಕೊಟ್ಟಳು. ಒಬ್ಬನೇ ಮನುಷ್ಯ ಲಸಿಕೆಯ ಲೆಕ್ಕದಲ್ಲಿ ಪ್ರಾಮಾಣಿಕ, ಮತಾಂತರದ ಲೆಕ್ಕದಲ್ಲಿ ನಿಷ್ಠುರ, ಪುಸ್ತಕದ ಲೆಕ್ಕದಲ್ಲಿ ಮೌನಿ. ಕರೆ ಬಂದಿತ್ತೆಂಬ ಒಂದೇ ಮಾತಿನಿಂದ ಈ ಮೂರನ್ನೂ ತಿಳಿಯಲಾಗುತ್ತಿರಲಿಲ್ಲ; ಒಂದೊಂದನ್ನೂ ಯಾರೋ ಬಿಚ್ಚಿ ನೋಡಬೇಕಾಯಿತು.

ಲೆಕ್ಕ ಕೇಳಿದರೆ ನಂಬಿಕೆಯ ಎಳೆ ಹರಿಯುತ್ತದೆ, ಗುರುವಿಗೂ ಭಕ್ತನಿಗೂ ನಡುವೆ ಆಡಿಟರ್ ಬಂದು ಕೂರಬಾರದು ಎನ್ನುವವರ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನಸ್ಸು ಬಿಚ್ಚಿ ಕಾಣಿಕೆ ಕೊಟ್ಟವನಿಗೆ ರಸೀದಿ ಕೇಳುವುದು ಸಂಕೋಚದ ಕೆಲಸ. ಆ ಸಂಕೋಚ ಭಕ್ತನಿಗಿರುವುದು ಸಹಜ. ಅದನ್ನು ನೀಗಿಸುವ ಹೊಣೆ ಕಾಣಿಕೆ ಪಡೆದವನದು, ಪೌಲ ಕೇಳುವ ಮೊದಲೇ ಸಾಕ್ಷಿಗಳನ್ನು ಜೊತೆಗಿಟ್ಟುಕೊಂಡು ಹೊರಟ ಹಾಗೆ. ಇನ್ನು ಕೆಲವರು, ಇದು ಸರ್ಕಾರವನ್ನು ಗುಡಿ ಚರ್ಚುಗಳೊಳಗೆ ಬಿಟ್ಟುಕೊಳ್ಳುವ ದಾರಿ ಎಂದು ಹೆದರುತ್ತಾರೆ. ಮುಜರಾಯಿಗೆ ಸೇರಿದ ಬೇಲೂರಿನ ಚೆನ್ನಕೇಶವ ಗುಡಿಯಂಥವುಗಳ ಲೆಕ್ಕ 1997ರ ಧಾರ್ಮಿಕ ದತ್ತಿ ಕಾಯ್ದೆಯ ಅಡಿ ತಪಾಸಣೆಗೆ ಬರುತ್ತದೆ, ಬೇರೆ ಸಂಸ್ಥೆಗಳಿಗೆ ಬೇರೆ ಕಾನೂನುಗಳಿವೆ. ಅವು ಇರಲಿ. ಪೌಲ ಲೆಕ್ಕ ಒಪ್ಪಿಸಿದ್ದು ಕೈಸರನ ಅಧಿಕಾರಿಗಳಿಗಲ್ಲ, ಕೊಟ್ಟವರಿಗೆ. ಕಚೇರಿಗೆ ಕಟ್ಟುವ ಲೆಕ್ಕ ಕಡತದಲ್ಲಿ ಮಲಗಿಬಿಡುತ್ತದೆ, ಕೊಟ್ಟವರ ಮುಂದೆ ಓದಿದ ಲೆಕ್ಕ ಊರಿನಲ್ಲಿ ಓಡಾಡುತ್ತದೆ.

ನಮ್ಮ ಹಳ್ಳಿಗಳಿಗೆ ಇದು ಹೊಸದೇನಲ್ಲ. ಗಣಪತಿ ಬಿಟ್ಟ ಮೇಲೋ ಜಾತ್ರೆ ಮುಗಿದ ಮೇಲೋ ಊರವರು ಅರಳಿಕಟ್ಟೆಯ ಹತ್ತಿರ ಸೇರಿ ಜಮಾ ಖರ್ಚು ಓದಿಸುವ ವಾಡಿಕೆ ಎಷ್ಟೋ ಕಡೆ ಇನ್ನೂ ಇದೆ. ಪೆಂಡಾಲಿಗೆಷ್ಟು, ಹೂವಿಗೆಷ್ಟು, ಅಕ್ಕಿ ಎಷ್ಟು ಮೂಟೆ, ಉಳಿದದ್ದು ಯಾರ ಕೈಯಲ್ಲಿದೆ ಎಂದು ಓದುತ್ತಾರೆ, ಜನ ಅಡ್ಡ ಪ್ರಶ್ನೆ ಕೇಳುತ್ತಾರೆ, ಗಣಪತಿಯ ಮೇಲಿನ ಭಕ್ತಿ ಅದರಿಂದ ಕುಗ್ಗಿದ್ದನ್ನು ಯಾರೂ ಕಂಡಿಲ್ಲ. ಸಾವಿರ ರೂಪಾಯಿಯ ವಂತಿಗೆಗೆ ಇರುವ ಈ ಕಟ್ಟುಪಾಡು ಲಕ್ಷ, ಕೋಟಿ ಸೇರುವ ಮಠ, ಟ್ರಸ್ಟು, ಪ್ರಾರ್ಥನಾ ಕೂಟ, ಆಶ್ರಮಗಳ ಬಾಗಿಲಲ್ಲಿ ಏಕೆ ನಿಂತುಹೋಗಬೇಕು? ವರ್ಷಕ್ಕೊಮ್ಮೆ, ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನಲ್ಲಿ, ತೇರು ಎಳೆದ ಮರುವಾರ ಗುಡಿಯ ಅಂಗಳದಲ್ಲಿ, ಆಯಾ ಸಂಸ್ಥೆಯ ಭಕ್ತರೇ ಆರಿಸಿದ ಒಬ್ಬರು, ಅದರ ಮುಖ್ಯಸ್ಥರ ಸಂಬಂಧಿಯಲ್ಲದವರು, ಬಂದ ಹಣವನ್ನೂ ಹೋದ ಹಣವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ಓದಿದ್ದನ್ನು ಬಾಗಿಲ ಪಕ್ಕದ ಹಲಗೆಗೆ ಅಂಟಿಸಲಿ. ಮೂರು ತಿಂಗಳು ಅದು ಅಲ್ಲೇ ಇರಲಿ, ಮೊದಲ ದಿನ ಬರಲಾಗದ ಕೂಲಿಯವರೂ ಬಿಡುವಾದಾಗ ನಿಂತು ಓದಿಕೊಳ್ಳುವಂತೆ.